ಹಾಲು ಹಲ್ಲು ಕಂದಾಗುತ್ತಿವೆ, ಅನುಭವ ಇದ್ದವರು ಹೇಳಿ

ಪ್ರಶ್ನೆ, ಗೌರಿಬಿದನೂರಿನಿಂದ: ಮಗನಿಗೆ ಮೂರೂವರೆ ವರ್ಷ. ಮೇಲಿನ ಮುಂದಿನ ಹಲ್ಲುಗಳು ಕಂದಾಗಿ ತುದಿ ಮುರಿಯುತ್ತಿವೆ. ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ, ಹಗಲು ಅತ್ತೆ ನೋಡಿಕೊಳ್ಳುತ್ತಾರೆ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿ ಇಲ್ಲದಿದ್ದರೆ ಮಲಗುವುದಿಲ್ಲ. ಮನೆಯಲ್ಲಿ ಕೇಳಿದರೆ "ಹಾಲು ಹಲ್ಲು ತಾನೆ, ಬಿದ್ದು ಬೇರೆ ಬರುತ್ತವೆ" ಎನ್ನುತ್ತಾರೆ. ಬೋರ್‌ವೆಲ್ ನೀರಿನಿಂದ ಎಂದೂ ಕೆಲವರು ಹೇಳಿದರು. ಏನು ಮಾಡಲಿ?

ಚಿಂತಾಮಣಿ, ಇಬ್ಬರು ಮಕ್ಕಳ ತಂದೆ: ನಮ್ಮ ದೊಡ್ಡವಳಿಗೂ ಹೀಗೇ ಆಗಿತ್ತು. ನೀರಲ್ಲ ಅಕ್ಕಾ, ಬಾಟಲಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಸಿಹಿ ಹಾಲು ಮೇಲಿನ ಹಲ್ಲಿನ ಸುತ್ತ ರಾತ್ರಿಯೆಲ್ಲ ನಿಲ್ಲುತ್ತದೆ. ಕೆಳಗಿನ ಮುಂದಿನ ಹಲ್ಲುಗಳಿಗೆ ನಾಲಿಗೆ ಅಡ್ಡ ಇರುತ್ತದೆ, ಹಾಗಾಗಿ ಅವು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ನಿಮ್ಮ ಮಗನ ಬಾಯಿ ತೆರೆಸಿ ನೋಡಿ, ಗೊತ್ತಾಗುತ್ತದೆ. ನಾವು ಮೊದಲು ಸಕ್ಕರೆ ಬಿಟ್ಟೆವು. ಆಮೇಲೆ ಹಾಲಿಗೆ ದಿನ ದಿನಕ್ಕೆ ನೀರು ಜಾಸ್ತಿ ಮಾಡುತ್ತಾ ಬಂದು, ಕೊನೆಗೆ ಬರೀ ನೀರು. ಬಾಟಲಿ ಅವಳಿಗೇ ಬೇಜಾರಾಯಿತು. ಈಗ ಹಾಲು ಲೋಟದಲ್ಲಿ, ಹಲ್ಲುಜ್ಜುವ ಮೊದಲು.

ಇನ್ನು "ಬಿದ್ದು ಹೋಗುತ್ತವೆ" ಎನ್ನುವ ಮಾತು. ಮುಂದಿನವು 6-8 ವರ್ಷಕ್ಕೆ ಬೀಳುತ್ತವೆ, ಸರಿ. ದವಡೆಯ ಹಾಲು ಹಲ್ಲು 10-12 ವರ್ಷದವರೆಗೂ ಬೇಕು. ಅವನ್ನು ಬೇಗ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಹೊಸದು ಸೊಟ್ಟಗೆ ಬರುತ್ತದೆ. 6 ವರ್ಷದ ಹೊತ್ತಿಗೆ ಎಲ್ಲದರ ಹಿಂದೆ ಸದ್ದಿಲ್ಲದೆ ಒಂದು ದವಡೆ ಹಲ್ಲು ಬರುತ್ತದಲ್ಲ, ಅದು ಶಾಶ್ವತದ್ದು. ಯಾವುದೂ ಬೀಳದೆ ಬರುವುದರಿಂದ ಎಷ್ಟೋ ಮನೆಗಳಲ್ಲಿ ಅದನ್ನೂ ಹಾಲು ಹಲ್ಲು ಎಂದೇ ತಿಳಿದು ಹುಳುಕು ಹಿಡಿಸಿಬಿಡುತ್ತಾರೆ.

ಬಾಗೇಪಲ್ಲಿ, ಅಂಗನವಾಡಿ ಕಾರ್ಯಕರ್ತೆ: ಮೇಲಿನ ಅಣ್ಣ ಹೇಳಿದ್ದು ಸರಿ, ಆದರೆ ನೀರಿನ ವಿಷಯ ಅಲ್ಲಿಗೇ ಬಿಡಬೇಡಿ. ನಮ್ಮ ಕಡೆ, ಅತ್ತ ಪಾವಗಡದಲ್ಲಿ, ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಜಾಸ್ತಿ ಇರುವುದು ಹೊಸ ಮಾತಲ್ಲ. ಅದರ ಗುರುತು ಬೇರೆ. ಬಿಳಿ ಗೆರೆ, ಸುಣ್ಣದಂಥ ಮಚ್ಚೆ, ಜಾಸ್ತಿಯಾದರೆ ಕಂದು ಕಲೆ, ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ. ಹೆಚ್ಚಾಗಿ ಕಾಣುವುದು ಶಾಶ್ವತ ಹಲ್ಲಿನಲ್ಲಿ. ಆ ಹಲ್ಲುಗಳು ವಸಡಿನೊಳಗೆ ತಯಾರಾಗುವುದು ಈ ವಯಸ್ಸಿನಲ್ಲೇ, ಸುಮಾರು 8 ವರ್ಷದವರೆಗೆ. ಹಾಗಾಗಿ ನಿಮ್ಮ ಮಗ ಈಗ ಕುಡಿಯುವ ನೀರು ಮುಂದೆ ಕಾಣುತ್ತದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ನೀರಿನ ಘಟಕದ ಕ್ಯಾನ್ ತಂದರೆ ಅನ್ನ, ಸಾರಿಗೂ ಅದನ್ನೇ ಬಳಸಿ. ಎಷ್ಟೋ ಮನೆಯಲ್ಲಿ ಕುಡಿಯಲು ಕ್ಯಾನು, ಅಡುಗೆಗೆ ನಲ್ಲಿ!

ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, 3 ವರ್ಷದ ಒಳಗಿನವರಿಗೆ ಅಕ್ಕಿ ಕಾಳಿನಷ್ಟು. ಜಾಹೀರಾತಿನ ಹಾಗೆ ಬ್ರಷ್ ತುಂಬ ಹಾಕಬೇಡಿ. ಉಜ್ಜುವುದು ದೊಡ್ಡವರೇ ಆಗಬೇಕು, ಮಗು ನುಂಗದೆ ಉಗುಳಬೇಕು. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ಅಂಗನವಾಡಿಗೆ ಬಂದಾಗ ಹಲ್ಲನ್ನೂ ತೋರಿಸಿ, ಅದನ್ನೂ ನೋಡುತ್ತಾರೆ.

ಕೋಲಾರ, ಅಜ್ಜಿ: ನಾನು ಅತ್ತೆ ಪಕ್ಷ ಕಣಮ್ಮ. ಇಡೀ ದಿನ ಮಗು ನೋಡುವವರು ನಾವು. ರಚ್ಚೆ ಹಿಡಿದಾಗ ಕೈಗೆ ಸಿಗುವುದು ಬಿಸ್ಕತ್ತೇ. ಪಕ್ಕದ ಮನೆಯವರು ಮಿಠಾಯಿ ಕೊಡುತ್ತಾರೆ, ಅಂಗಡಿಯವನು ಚಿಲ್ಲರೆ ಬದಲು ಚಾಕಲೇಟ್ ಕೊಡುತ್ತಾನೆ, ಮಾವ ಸಾಸರ್‌ನಲ್ಲಿ ಟೀ ಕುಡಿಸುತ್ತಾರೆ. ಬೈಗುಳ ಮಾತ್ರ ಅತ್ತೆಗೆ! ಅದು ಬೇಡ, ಇದು ಬೇಡ ಅನ್ನುವ ಮೊದಲು ಏನು ಕೊಡಬೇಕು ಹೇಳು. ನನ್ನ ಸೊಸೆ ಬೆಳಗ್ಗೆ ಹೋಗುವಾಗ ಡಬ್ಬಿಯಲ್ಲಿ ಸೌತೆಕಾಯಿ, ಬೇಯಿಸಿದ ಮೊಟ್ಟೆ, ಸಣ್ಣಗೆ ಹೆಚ್ಚಿದ ಸೀಬೆಹಣ್ಣು ಇಟ್ಟು ಹೋಗುತ್ತಾಳೆ. ಸಿಹಿ ಕೊಡುವುದಿದ್ದರೆ ಊಟದ ಜೊತೆ ಒಂದೇ ಸಲ, ದಿನವಿಡೀ ಚಪ್ಪರಿಸಲು ಅಲ್ಲ. ಹಬ್ಬಕ್ಕೆ ಹೋಳಿಗೆ ತಿನ್ನಲಿ ಬಿಡು. ಮತ್ತೆ, ಡಾಕ್ಟರ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗು. ನೀನು ಹೇಳಿದರೆ ಜಗಳ, ಡಾಕ್ಟರು ಹೇಳಿದರೆ ಸಲಹೆ.

ತುಮಕೂರು: ಡೆಂಟಲ್ ಕಾಲೇಜಿನಲ್ಲಿ ಮಕ್ಕಳ ಹಲ್ಲಿಗೇ ಪ್ರತ್ಯೇಕ ವಿಭಾಗ ಇರುತ್ತದೆ. ಖರ್ಚು ಕಡಿಮೆ, ಕಾಯುವುದು ಜಾಸ್ತಿ. ನನ್ನ ತಂಗಿಯ ಮಗನಿಗೆ ಕೊರೆಯದೆ ಒಂದು ಔಷಧಿ ಹಚ್ಚಿ ಹುಳುಕು ನಿಲ್ಲಿಸಿದರು. ಹುಳುಕಿದ ಜಾಗ ಕಪ್ಪಾಗುತ್ತದೆ, ಮೊದಲೇ ಹೇಳಿದ್ದರು. ನೆಂಟರು ಕೇಳುತ್ತಾರೆ, ಕೇಳಲಿ. ಎಲ್ಲ ಹಲ್ಲಿಗೂ ಇದೇ ಆಗುವುದಿಲ್ಲ, ನೋಡಿ ನಿರ್ಧರಿಸುತ್ತಾರೆ. ವಸಡಿನಲ್ಲಿ ಕೀವಿನ ಗುಳ್ಳೆ, ಕೆನ್ನೆ ಊತ, ಜ್ವರ ಕಂಡರೆ ಮಾತ್ರ ರಜೆ ಸಿಗಲಿ ಎಂದು ಕಾಯಬೇಡಿ, ಅವತ್ತೇ ಹೋಗಿ.