ಹಳೇ 15 ಎಚ್‌ಪಿ ಔಟ್‌ಬೋರ್ಡ್: ಕೆಳಗಿನ ಸಿಲಿಂಡರ್‌ನಲ್ಲಿ ಕಂಪ್ರೆಷನ್ ಕಡಿಮೆ, ಪೂರ್ತಿ ಬಿಚ್ಚಬೇಕಾ?

ಹುಟ್ಟುಗೋಲು:
ದೋಣಿಯ ಹಿಂದೆ ಕಟ್ಟುವ, ಎರಡು ಸಿಲಿಂಡರ್‌ನ ಟೂ-ಸ್ಟ್ರೋಕ್ ಮೋಟಾರ್. ಎರಡಕ್ಕೂ ಸೇರಿ ಒಂದೇ ಕಾರ್ಬ್ಯುರೇಟರ್, ಫ್ಲೈವೀಲ್ ಕೆಳಗೆ ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್) ಇರೋ ಹಳೇ ಇಗ್ನಿಷನ್. ಉಪ್ಪುನೀರಲ್ಲಿ ಓಡಿದ್ದು, ಆಮೇಲೆ ನಾಲ್ಕೈದು ವರ್ಷ ನಿಂತೇ ಇತ್ತು. ಈಗ ನೋಡಿದಾಗ ಕಂಡದ್ದು ಇಷ್ಟು:

ಕಂಪ್ರೆಷನ್ (ಪಿಸ್ಟನ್ ಅದುಮಿದಾಗ ಒಳಗೆ ಏಳುವ ಒತ್ತಡ) ಮೇಲಿನ ಸಿಲಿಂಡರ್‌ನಲ್ಲಿ 110 ಪಿಎಸ್‌ಐ, ಕೆಳಗಿನದರಲ್ಲಿ 65. ಕಿಡಿ ಎರಡರಲ್ಲೂ ಬರತ್ತೆ, ಆದರೆ ಹಳದಿ ಬಣ್ಣ. ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಇದೆ. ಡ್ರಮ್ಮಿನ ನೀರಲ್ಲಿ ಇಟ್ಟು ಒಂದು ನಿಮಿಷ ಓಡಿಸಿದಾಗ ಹಿಂದಿನ ತೂತಿಂದ ನೀರು ಚಿಮ್ಮಲಿಲ್ಲ, ಬರೀ ತೊಟ್ಟಿಕ್ಕಿತು.

ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಸೆಟ್, ಇಂಪೆಲ್ಲರ್ (ತಣಿಸುವ ನೀರಿನ ಪಂಪಿನ ರಬ್ಬರ್ ಚಕ್ರ) ಎಲ್ಲ ಒಟ್ಟಿಗೆ ತರಿಸಿಬಿಡಲಾ? ಯಾವುದರಿಂದ ಶುರು ಮಾಡಲಿ?

ಸ್ಪ್ಯಾನರ್ ಪೆಟ್ಟಿಗೆ:
ಏನನ್ನೂ ತರಿಸಬೇಡಿ, ಇನ್ನೊಂದು ಸಲ ಸ್ಟಾರ್ಟೂ ಮಾಡಬೇಡಿ. ಕೆಳಗಿನ ಸಿಲಿಂಡರ್ ಯಾಕೆ ಹೋಯಿತು ಅನ್ನೋದು ಗೊತ್ತಾಗದೆ ಹೊಸ ಪಿಸ್ಟನ್ ಹಾಕಿದರೆ ಅದೂ ಅದೇ ಕಾರಣಕ್ಕೆ ಹೋಗತ್ತೆ. ಹಳೇ ಔಟ್‌ಬೋರ್ಡ್ ರಿಪೇರಿಯಲ್ಲಿ ದುಡ್ಡು ನೀರಾಗೋದು ಹೆಚ್ಚಾಗಿ ಇಲ್ಲೇ.

ಮೊದಲು ಅಳತೆ ಸರಿಯಾಗಿದೆಯೋ ನೋಡಿ. ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಗೇಜಿನ ಮುಳ್ಳು ಇನ್ನು ಏರೋದಿಲ್ಲ ಅನ್ನುವವರೆಗೂ ಹಗ್ಗ ಎಳೆಯಬೇಕು. ಪ್ಲಗ್ ವೈರ್‌ಗಳನ್ನು ಬ್ಲಾಕಿಗೆ ಅರ್ಥ್ ಮಾಡಿಡಿ, ಇಲ್ಲದಿದ್ದರೆ ಕಾಯಿಲ್‌ಗೆ ಪೆಟ್ಟು. ಎರಡು ಸಿಲಿಂಡರ್‌ಗಳ ವ್ಯತ್ಯಾಸ ಶೇ. 10ರ ಒಳಗಿದ್ದರೆ ಚಿಂತೆಯಿಲ್ಲ. ನಿಮ್ಮದು 45 ಪಿಎಸ್‌ಐ ವ್ಯತ್ಯಾಸ, ಅಳತೆಯ ತಪ್ಪಿರಲಾರದು. ಸಿಲಿಂಡರ್‌ಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯುವ ಪರೀಕ್ಷೆಯನ್ನು ಇಲ್ಲಿ ಪೂರ್ತಿ ನಂಬಬೇಡಿ. ಔಟ್‌ಬೋರ್ಡ್‌ನಲ್ಲಿ ಸಿಲಿಂಡರ್ ಅಡ್ಡ ಮಲಗಿರುವುದರಿಂದ ಎಣ್ಣೆ ತಳದಲ್ಲೇ ನಿಲ್ಲತ್ತೆ, ರಿಂಗ್ ಸುತ್ತ ಹರಡೋದಿಲ್ಲ.

ಆಮೇಲೆ ಹೆಡ್ ಬಿಚ್ಚಿ. ಅಲ್ಲಿ ಕಾಣೋದನ್ನು ಓದಬೇಕು. ಪಿಸ್ಟನ್ ತಲೆ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದರೆ ಗ್ಯಾಸ್ಕೆಟ್ ದಾಟಿ ನೀರು ಒಳಗೆ ಬಂದಿದೆ. ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಹೋಗುವ ಕಿಂಡಿ) ಕಡೆ ಮಾತ್ರ ಗೀರಿದ್ದರೆ ಬಿಸಿ ಅಥವಾ ಎಣ್ಣೆಯ ಕೊರತೆ. ಒಂದೇ ಕಾರ್ಬ್ಯುರೇಟರ್‌ನಿಂದ ಎರಡಕ್ಕೂ ಪೆಟ್ರೋಲ್ ಹೋಗುವಾಗ ಕೆಳಗಿನದು ಮಾತ್ರ ಹಾಳಾಗಿದ್ದರೆ ಕಾರ್ಬ್ ಮೇಲೆ ನನಗೆ ಅನುಮಾನ ಕಡಿಮೆ. ಕ್ರ್ಯಾಂಕಿನ ಕೆಳತುದಿಯ ಸೀಲ್ ಮೇಲೆ ಜಾಸ್ತಿ. ಅದು ಸವೆದರೆ ಕೆಳಗಿನ ಸಿಲಿಂಡರ್‌ನ ಕ್ರ್ಯಾಂಕ್‌ಕೇಸ್ ಮಾತ್ರ ಹೊರಗಿನ ಗಾಳಿ ಎಳೆಯತ್ತೆ. ಪೆಟ್ರೋಲ್ ಮಿಶ್ರಣ ತೆಳುವಾಗತ್ತೆ, ಅದರ ಜತೆಗೆ ಬರಬೇಕಾದ ಎಣ್ಣೆಯೂ ಕಡಿಮೆಯಾಗತ್ತೆ.

ಹೆಡ್ ಬೋಲ್ಟ್ ಬಿಚ್ಚುವಾಗ ಆತುರ ಬೇಡ. ಉಪ್ಪುನೀರಿನ ಮೋಟಾರ್‌ನಲ್ಲಿ ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂ ಒಳಗೆ ಕಚ್ಚಿಕೊಂಡಿರತ್ತೆ. ಬೋಲ್ಟನ್ನಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ ಬಿಸಿ ಮಾಡಿ. ಅದು ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗತ್ತೆ, ಹಿಡಿತ ಸಡಿಲವಾಗತ್ತೆ. ಪೆಟ್ರೋಲ್ ಲೈನ್ ಮೊದಲೇ ಕಳಚಿ ದೂರ ಇಟ್ಟಿರಬೇಕು. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೇರವಾಗಿ ನಾಲ್ಕು ಏಟು ಕೊಟ್ಟು, ಮೊದಲು ಸ್ವಲ್ಪ ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಬೇಕು.

ಗೇರ್‌ಕೇಸ್:
ಹೆಡ್ ಕೆಲಸ ಒಂದು ಕಡೆ ನಡೀಲಿ, ಕೆಳಭಾಗದ ಬಗ್ಗೆ ಹೇಳ್ತೀನಿ. ಹಾಲಿನ ಬಣ್ಣ ಅಂದರೆ ನೀರು ಒಳಗೆ ಹೋಗಿದೆ. ಮುಖ್ಯ ದಾರಿ ನಾಲ್ಕು: ಪ್ರೊಪೆಲ್ಲರ್ ಶಾಫ್ಟ್ ಸೀಲ್, ಡ್ರೈವ್ ಶಾಫ್ಟ್ ಸೀಲ್, ಗೇರ್ ಬದಲಿಸುವ ಸರಳಿನ ಓ-ರಿಂಗ್, ಆಯಿಲ್ ಸ್ಕ್ರೂಗಳ ವಾಷರ್. ಪ್ರೊಪೆಲ್ಲರ್ ಬಿಚ್ಚಿ ಶಾಫ್ಟ್ ನೋಡಿ, ಮೀನು ಹಿಡಿಯುವ ನೈಲಾನ್ ದಾರ ಸುತ್ತಿಕೊಂಡು ಸೀಲನ್ನು ಕೊಯ್ದಿರೋದು ತುಂಬಾ ಸಾಮಾನ್ಯ. ಸೀಲ್ ಕೂರುವ ಜಾಗದಲ್ಲಿ ಉಗುರು ಸಿಕ್ಕುವಷ್ಟು ತೋಡು ಬಿದ್ದಿದ್ದರೆ ಹೊಸ ಸೀಲ್ ಕೂಡ ಸೋರತ್ತೆ.

ಸೀಲ್ ಬದಲಿಸಿದ ಮೇಲೆ ಎಣ್ಣೆ ತುಂಬುವ ಮುಂಚೆ ಗೇರ್‌ಕೇಸ್‌ಗೆ 10 ಪಿಎಸ್‌ಐ ಗಾಳಿ ತುಂಬಿಸಿ ನೀರಲ್ಲಿ ಮುಳುಗಿಸಿ, ಶಾಫ್ಟ್‌ಗಳನ್ನು ತಿರುಗಿಸುತ್ತಾ ಗುಳ್ಳೆ ಹುಡುಕಿ. ಎಣ್ಣೆ ತುಂಬೋದು ಕೆಳಗಿನ ತೂತಿಂದ, ಮೇಲಿನ ತೂತಲ್ಲಿ ಗುಳ್ಳೆಯಿಲ್ಲದೆ ಬರುವವರೆಗೆ. ಮೇಲಿನ ಸ್ಕ್ರೂ ಮೊದಲು ಹಾಕಿ, ಆಮೇಲೆ ಪಂಪ್ ತೆಗೆದು ಕೆಳಗಿನದನ್ನು ಹಾಕಿ. ಉಲ್ಟಾ ಮಾಡಿದರೆ ಅರ್ಧ ಎಣ್ಣೆ ನೆಲದ ಮೇಲೆ.

ಇಂಪೆಲ್ಲರ್ ಹೇಗಿದ್ದರೂ ಬದಲಿಸಿ. ವರ್ಷಗಟ್ಟಲೆ ನಿಂತ ರಬ್ಬರ್ ಎಲೆಗಳು ಬಾಗಿದ ಹಾಗೇ ಗಟ್ಟಿಯಾಗಿರತ್ತೆ. ಹಳೆಯದರಲ್ಲಿ ಒಂದು ಎಲೆ ಮುರಿದಿದ್ದರೆ ಆ ತುಂಡನ್ನು ಹುಡುಕಲೇಬೇಕು, ಅದು ನೀರಿನ ಕೊಳವೆಯಲ್ಲೋ ಬ್ಲಾಕಿನ ಒಳಗೋ ಸಿಕ್ಕಿಕೊಂಡಿರತ್ತೆ. ಪಂಪಿನ ಒಳಗೋಡೆಯ ಸ್ಟೀಲ್ ಕಪ್, ತಳದ ತಗಡು ಗೀರಿದ್ದರೆ ಅವೂ ಹೊಸದು. ಹೌಸಿಂಗ್ ಕೂರಿಸುವಾಗ ಶಾಫ್ಟನ್ನು ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸುತ್ತಾ ಒತ್ತಿ, ಎಲೆಗಳು ಸರಿಯಾದ ಕಡೆ ಬಾಗುತ್ತವೆ. ಡ್ರೈವ್ ಶಾಫ್ಟಿನ ಹಲ್ಲುಗಳ ಬದಿಗೆ ಗ್ರೀಸ್ ಹಚ್ಚಿ, ತುದಿಯ ಮೇಲೆ ಮಾತ್ರ ಹಚ್ಚಬೇಡಿ. ಅಲ್ಲಿ ಗ್ರೀಸ್ ಸಿಕ್ಕಿಕೊಂಡರೆ ಶಾಫ್ಟ್ ಪೂರ್ತಿ ಒಳಗೆ ಕೂರೋದಿಲ್ಲ. ಬೋಲ್ಟ್ ಬಿಗಿದು ಎಳೆದರೆ ಆ ಒತ್ತಡ ಕ್ರ್ಯಾಂಕಿನ ಮೇಲೆ ಬೀಳತ್ತೆ.

ಹುಟ್ಟುಗೋಲು:
ಹೆಡ್ ತೆಗೆದೆ, ಎಲ್ಲ ಬೋಲ್ಟೂ ಮುರಿಯದೆ ಬಂತು. ಕೆಳಗಿನ ಪಿಸ್ಟನ್‌ನ ಎಕ್ಸಾಸ್ಟ್ ಕಡೆ ಉದ್ದುದ್ದ ಗೀರು, ಮೇಲಿನ ರಿಂಗ್ ತನ್ನ ತೋಡಿನಲ್ಲೇ ಅಂಟಿಕೊಂಡಿದೆ. ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಗೋಡೆಗೆ ಬೆಳ್ಳಿ ಬಣ್ಣದ್ದು ಏನೋ ಮೆತ್ತಿದೆ. ಕೆಳಗಿನ ಸಿಲಿಂಡರ್ ಸುತ್ತ ನೀರಿನ ದಾರಿಯಲ್ಲಿ ಉಪ್ಪು ಕಲ್ಲಿನ ಹಾಗೆ ಕಟ್ಟಿದೆ, ಥರ್ಮೋಸ್ಟಾಟ್ ಅಲ್ಲಾಡೋದಿಲ್ಲ. ಬೋರ್ ಹೋಯಿತು ಅಂತಲೇ ಲೆಕ್ಕವಾ?

ಸ್ಪ್ಯಾನರ್ ಪೆಟ್ಟಿಗೆ:
ಹಾಗಂತ ಈಗಲೇ ಹೇಳಲಾಗದು. ಮೆತ್ತಿರೋದು ಪಿಸ್ಟನ್ನಿನ ಅಲ್ಯೂಮಿನಿಯಂ. ಅದರ ಕೆಳಗೆ ಎರಕದ ಕಬ್ಬಿಣದ ಸ್ಲೀವ್ ಚೆನ್ನಾಗೇ ಇರಬಹುದು. ಮ್ಯೂರಿಯಾಟಿಕ್ (ಹೈಡ್ರೋಕ್ಲೋರಿಕ್) ಆಸಿಡನ್ನು ಹತ್ತಿ ಸುತ್ತಿದ ಕಡ್ಡಿಯಲ್ಲಿ ಆ ಪಟ್ಟೆಯ ಮೇಲೆ ಮಾತ್ರ ಮುಟ್ಟಿಸಿ. ನೊರೆ ಬರುವಷ್ಟು ಹೊತ್ತು ಅಲ್ಯೂಮಿನಿಯಂ ಕರಗ್ತಾ ಇದೆ ಅಂತ ಅರ್ಥ, ನಿಂತ ಕೂಡಲೇ ನೀರಿಂದ ತೊಳೆದುಬಿಡಿ. ಬ್ಲಾಕೂ ಅಲ್ಯೂಮಿನಿಯಮ್ಮೇ, ಒಂದು ಹನಿ ಬಿದ್ದರೂ ಅದನ್ನೂ ತಿನ್ನತ್ತೆ. ಕೈಗವಸು, ಕನ್ನಡಕ ಹಾಕಿ ಬಯಲಲ್ಲಿ ಮಾಡಿ. ಆಮೇಲೆ ಬೋರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಜಾಗದಲ್ಲೂ ಎರಡು ದಿಕ್ಕಿನಿಂದ ಅಳೆಯಿರಿ. ವ್ಯತ್ಯಾಸ 0.08 ಮಿ.ಮೀ. ದಾಟಿದ್ದರೆ, ಅಥವಾ ಗೀರು ಉಗುರಿಗೆ ಸಿಕ್ಕಿದರೆ ಓವರ್‌ಸೈಜ್‌ಗೆ ಕೊರೆಸಬೇಕು. ಮೊದಲು ಓವರ್‌ಸೈಜ್ ಪಿಸ್ಟನ್ ಕೈಗೆ ಬರಲಿ, ಅದರ ಅಳತೆಗೆ ತಕ್ಕಂತೆ ಬೋರ್ ಕೊರೆಯೋದು. ಉಲ್ಟಾ ಅಲ್ಲ.

ಕಾರಣ ಈಗ ಸಿಕ್ಕಿದೆ, ನೀರು ಕೆಳಗಿನ ಸಿಲಿಂಡರ್ ಸುತ್ತ ಹರಿದೇ ಇಲ್ಲ. ಆದರೂ ಕ್ರ್ಯಾಂಕ್ ಸೀಲ್ ಎರಡನ್ನೂ ಬದಲಿಸಿ, ಎಂಜಿನ್ ಹೇಗೂ ಬಿಚ್ಚಿರುತ್ತೆ. ನೀರಿನ ದಾರಿಯ ಮುಚ್ಚಳಗಳನ್ನೆಲ್ಲ ತೆಗೆದು, ಉಪ್ಪನ್ನು ಮರದ ಕಡ್ಡಿಯಿಂದ ಕೆರೆದು, ಉಳಿದಿದ್ದನ್ನು ವಿನೆಗರ್‌ನಲ್ಲಿ ನೆನೆಸಿ ಕರಗಿಸಿ. ಥರ್ಮೋಸ್ಟಾಟ್ ಹೊಸದು ಬಂದ ಮೇಲೂ ಬಿಸಿನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಸುಮಾರು 60 ಡಿಗ್ರಿಗೆ ತೆರೆದುಕೊಳ್ಳತ್ತಾ ನೋಡಿ ಹಾಕಿ. ನಿಖರ ಅಂಕಿ ನಿಮ್ಮ ಮ್ಯಾನ್ಯುಯಲ್‌ನಲ್ಲಿರತ್ತೆ.

ಜೋಡಿಸುವಾಗ ಎಡವೋದು ಇಲ್ಲಿ. ಕನೆಕ್ಟಿಂಗ್ ರಾಡಿನ ಕ್ಯಾಪ್‌ಗಳನ್ನು ಯಾವ ರಾಡಿನದು, ಯಾವ ಬದಿ ಮೇಲೆ ಅಂತ ಬಿಚ್ಚುವ ಮುಂಚೆಯೇ ಗುರುತು ಹಾಕಿ. ಎಷ್ಟೋ ಮಾಡೆಲ್‌ಗಳಲ್ಲಿ ಅದು ರಾಡನ್ನೇ ಒಡೆದು ಮಾಡಿದ ಕ್ಯಾಪ್, ಬೇರೆ ಕಡೆ ಕೂರೋದಿಲ್ಲ. ಜೋಡಿಸಿದಾಗ ಸಂದಿಯ ಮೇಲೆ ಉಗುರು ಆಡಿಸಿದರೆ ಎಲ್ಲೂ ತಡೆಯಬಾರದು. ಬಿಡಿ ಸೂಜಿ ಬೇರಿಂಗ್ ಇದ್ದರೆ ಬಿಳಿ ಬಟ್ಟೆ ಹಾಸಿದ ತಟ್ಟೆಯ ಮೇಲೆ ಬಿಚ್ಚಿ, ಎಣಿಸಿ ಬರೆದಿಡಿ. ಹಾಕುವಾಗ ಗ್ರೀಸ್‌ನಲ್ಲಿ ಅಂಟಿಸಿ ನಿಲ್ಲಿಸಿ. ಪಿಸ್ಟನ್ ಪಿನ್ನಿನ ಸರ್‌ಕ್ಲಿಪ್ ಹಳೆಯದನ್ನು ಮತ್ತೆ ಹಾಕಬೇಡಿ.

ಹೋನ್ ಮಾಡುವಾಗ (ಬೋರಿನ ಗೋಡೆಯನ್ನು ಉಜ್ಜುಕಲ್ಲಿನಿಂದ ತಿಕ್ಕುವಾಗ) ಎಣ್ಣೆ ಸುರಿಯುತ್ತಾ ಮೇಲೆ ಕೆಳಗೆ ಆಡಿಸಿ, ಅಡ್ಡಗೆರೆಗಳು ಮೂಡಿದರೆ ಸಾಕು. ಆಮೇಲೆ ಪೋರ್ಟ್‌ಗಳ ಅಂಚಿನ ಹರಿತ ತೆಗೆಯಿರಿ, ಇಲ್ಲದಿದ್ದರೆ ರಿಂಗ್ ಸಿಕ್ಕಿ ಮುರಿಯತ್ತೆ. ತೊಳೆಯೋದು ಸೋಪಿನ ಬಿಸಿನೀರಲ್ಲಿ. ಬರೀ ಸೀಮೆಎಣ್ಣೆಯಲ್ಲಿ ತೊಳೆದರೆ ಹೋನಿನ ಪುಡಿ ಅಲ್ಲೇ ಉಳಿಯತ್ತೆ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗೇ ಇರಬೇಕು, ಆಮೇಲೆ ತಕ್ಷಣ ಎಣ್ಣೆ ಹಚ್ಚಿ. ಹೊಸ ರಿಂಗನ್ನು ಬೋರಿಗೆ ಹಾಕಿ, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ತುದಿಗಳ ನಡುವಿನ ಸಂದಿ ಅಳೆಯಿರಿ. ಬೋರಿನ ಪ್ರತಿ 25 ಮಿ.ಮೀ. ವ್ಯಾಸಕ್ಕೆ ಸುಮಾರು 0.1 ಮಿ.ಮೀ. ಸಂದಿ ಅನ್ನೋದು ಅಂದಾಜು. ರಿಂಗಿನ ತುದಿಗಳು ಪಿಸ್ಟನ್ ತೋಡಿನಲ್ಲಿರುವ ಪಿನ್ನಿಗೇ ಕೂರಬೇಕು. ತಲೆಯಲ್ಲಿ ದಿಬ್ಬ ಇರುವ ಪಿಸ್ಟನ್ ಆದರೆ ಕಡಿದಾದ ಬದಿ ಇನ್‌ಟೇಕ್ ಪೋರ್ಟ್ ಕಡೆಗೆ, ಇಳಿಜಾರು ಎಕ್ಸಾಸ್ಟ್ ಕಡೆಗೆ.

ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳ ನಡುವೆ ಗ್ಯಾಸ್ಕೆಟ್ ಇರೋದಿಲ್ಲ. ಗಾಳಿ ಇಲ್ಲದೆಡೆ ಗಟ್ಟಿಯಾಗುವ ಅನಿರೋಬಿಕ್ ಸೀಲೆಂಟನ್ನು ತೆಳ್ಳಗೆ, ಬೇರಿಂಗ್ ಜಾಗದಿಂದ ದೂರ ಇಟ್ಟು ಹಚ್ಚಿ. ಸಿಲಿಕೋನ್ ಖಂಡಿತ ಬೇಡ. ಅದರ ದಪ್ಪಕ್ಕೆ ಬೇರಿಂಗ್ ಹಿಡಿತ ಸಡಿಲವಾಗತ್ತೆ, ಪೆಟ್ರೋಲ್ ತಾಕಿ ಉಬ್ಬತ್ತೆ. ಪ್ರತಿ ಸುತ್ತು ಬಿಗಿದ ಮೇಲೂ ಕ್ರ್ಯಾಂಕ್ ತಿರುಗಿಸಿ ನೋಡಿ, ಎಲ್ಲಾದರೂ ಬಿಗಿಯಾದರೆ ಅಲ್ಲೇ ನಿಲ್ಲಿಸಿ. ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ.

ನೀಲಿ ಕಿಡಿ:
ಹಳದಿ ಕಿಡಿ ಬಗ್ಗೆ ಯಾರೂ ಹೇಳಿಲ್ಲ. ಮೊದಲು ಸ್ಟಾಪ್ ಸ್ವಿಚ್‌ನ ವೈರ್ ಕಳಚಿ ನೋಡಿ, ಅದು ಅರೆಬರೆ ಅರ್ಥ್ ಆಗಿದ್ದರೂ ಕಿಡಿ ಸೊರಗತ್ತೆ. ಫ್ಲೈವೀಲ್ ತೆಗೆಯೋಕೆ ನಡುವಿನ ಮೂರು ತೂತಿಗೆ ಬೋಲ್ಟ್ ಹಾಕುವ ಪುಲ್ಲರ್ ಬೇಕು. ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ಫ್ಲೈವೀಲ್ ಬಾಗತ್ತೆ, ಸುತ್ತಿಗೆ ಹೊಡೆದರೆ ಮ್ಯಾಗ್ನೆಟ್ ಕಳಚಿಕೊಳ್ಳತ್ತೆ. ಕಾಯಿಲ್‌ನ ಹೊರಕವಚ ಸಣ್ಣಗೆ ಬಿರಿದಿದ್ದರೂ ಬದಲಿಸಿ, ತೇವ ಸಿಕ್ಕಿದ ದಿನ ಕೈ ಕೊಡತ್ತೆ. ಪಾಯಿಂಟ್ ಪೂರ್ತಿ ತೆರೆದ ಜಾಗದಲ್ಲಿ ಸಂದಿ 0.5 ಮಿ.ಮೀ. ಇಡಿ. ಹೊಸ ಪಾಯಿಂಟ್‌ಗೂ ರಕ್ಷಣೆಗೆ ಎಣ್ಣೆ ಹಚ್ಚಿರ್ತಾರೆ, ದಪ್ಪ ಕಾಗದ ಸಂದಿಯಲ್ಲಿ ಎಳೆದು ಒರೆಸಿ. ಸರಿಯಾದ ಕಿಡಿ ನೀಲಿಯಾಗಿ 6 ಮಿ.ಮೀ. ಹಾರತ್ತೆ.

ಫ್ಲೈವೀಲ್ ಮತ್ತೆ ಕೂರಿಸುವಾಗ ಶಾಫ್ಟಿನ ಓರೆಭಾಗ ಒಣಗಿ ಚೊಕ್ಕಟವಾಗಿರಬೇಕು, ಗ್ರೀಸ್ ಸೋಕಬಾರದು. ಹಿಡಿದಿಡೋದು ಆ ಓರೆಯೇ, ಕೀಲಿ ಬರೀ ಜಾಗ ತೋರಿಸೋಕೆ. ನಟ್ ಸಡಿಲವಿದ್ದರೆ ಓರೆ ಜಾರಿ, ಕೀಲಿ ಕತ್ತರಿಸಿ, ಟೈಮಿಂಗ್ ತಪ್ಪತ್ತೆ.

ಮೊದಲ ಓಟಕ್ಕೆ ಟಿಸಿ-ಡಬ್ಲ್ಯೂ3 ಎಣ್ಣೆ, ಅಂದರೆ ನೀರಿನಿಂದ ತಣಿಯುವ ಟೂ-ಸ್ಟ್ರೋಕ್ ಮೋಟಾರಿನ ಎಣ್ಣೆ. ಮಾಮೂಲು 50:1 (50 ಪಾಲು ಪೆಟ್ರೋಲ್‌ಗೆ 1 ಪಾಲು ಎಣ್ಣೆ) ಬಳಸುವ ಮೋಟಾರ್ ಆದರೆ ಮೊದಲ 10 ಗಂಟೆ 25:1, ಅಂದರೆ ಲೀಟರ್‌ಗೆ 40 ಮಿ.ಲೀ. ಬೈಕಿನ ಟೂ-ಸ್ಟ್ರೋಕ್ ಎಣ್ಣೆ ಬೇಡ, ಅದು ಗಾಳಿಯಿಂದ ತಣಿಯುವ ಹೆಚ್ಚು ಬಿಸಿಯ ಎಂಜಿನ್ನಿಗೆ ಮಾಡಿದ್ದು. ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ, ಹೊಸ ಇಂಪೆಲ್ಲರ್ ಸುಟ್ಟುಹೋಗತ್ತೆ. ಮೊದಲ 10 ನಿಮಿಷ ಐಡಲ್‌ಗಿಂತ ಸ್ವಲ್ಪ ಮೇಲೆ, ಆಮೇಲೆ ಒಂದು ಗಂಟೆ ಅರ್ಧ ಥ್ರಾಟಲ್ ಮೀರದ ಹಾಗೆ, ವೇಗ ಆಗಾಗ ಬದಲಿಸುತ್ತಾ. ನಿಲ್ಲಿಸಿ ಪೂರ್ತಿ ಆರಿದ ಮೇಲೆ ಹೆಡ್ ಬೋಲ್ಟ್‌ಗಳ ಟಾರ್ಕ್ ಮತ್ತೊಮ್ಮೆ ನೋಡಿ.

ಹುಟ್ಟುಗೋಲು:
ಅಲ್ಯೂಮಿನಿಯಂ ಕರಗಿಸಿ ಅಳೆದೆ, ವ್ಯತ್ಯಾಸ 0.05 ಮಿ.ಮೀ., ಗೀರು ಉಗುರಿಗೆ ಸಿಗೋದಿಲ್ಲ. ಹಾಗಾದರೆ ಸ್ಟ್ಯಾಂಡರ್ಡ್ ಅಳತೆಯ ಪಿಸ್ಟನ್ ಒಂದೇ ಸಾಕಾ, ಎರಡೂ ಬೇಕಾ?

ಸ್ಪ್ಯಾನರ್ ಪೆಟ್ಟಿಗೆ:
ಪಿಸ್ಟನ್ ಕೆಳಗಿನದು ಒಂದೇ ಸಾಕು, ಪಿಸ್ಟನ್ ಮತ್ತು ಬೋರ್ ನಡುವಿನ ಸಂದಿ ಮ್ಯಾನ್ಯುಯಲ್ ಮಿತಿಯೊಳಗಿದ್ದರೆ. ರಿಂಗ್ ಎರಡಕ್ಕೂ ಹೊಸದು. ಮೇಲಿನ ಸಿಲಿಂಡರನ್ನೂ ಹಗುರವಾಗಿ ಹೋನ್ ಮಾಡಿ, ಇಲ್ಲದಿದ್ದರೆ ನುಣುಪು ಗೋಡೆಗೆ ಹೊಸ ರಿಂಗ್ ಒಗ್ಗೋದಿಲ್ಲ. ಆರ್ಡರ್ ಹಾಕುವ ಮುಂಚೆ ಹೊಸ ಪಿಸ್ಟನ್ನಿನ ಪಿನ್ ವ್ಯಾಸ ಹಳೆಯದಕ್ಕೆ ಹೊಂದತ್ತಾ ನೋಡಿಕೊಳ್ಳಿ, ಒಂದೇ ಎಚ್‌ಪಿಯ ಮೋಟಾರ್‌ನಲ್ಲೂ ವರ್ಷದಿಂದ ವರ್ಷಕ್ಕೆ ಅದು ಬದಲಾಗಿರಬಹುದು.