ಪದ್ಮಿನಿ ಹೈವೇಯಲ್ಲಿ ನಿಂತುಬಿಡುತ್ತದೆ, ಸಾಕಾಗಿಹೋಗಿದೆ

ಹಾಸನದ ಪದ್ಮಿನಿ: ಅಪ್ಪನ ಕಾಲದ 1986ರ ಪ್ರೀಮಿಯರ್ ಪದ್ಮಿನಿ. ಬೆಳಿಗ್ಗೆ ಚೋಕ್ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಊರೊಳಗೆ ತೊಂದರೆ ಇಲ್ಲ. ಹೈವೇ ಹತ್ತಿ ಸ್ವಲ್ಪ ದೂರ ಹೋದರೆ ಮುಗ್ಗರಿಸಿ ಮುಗ್ಗರಿಸಿ ನಿಂತೇ ಹೋಗುತ್ತದೆ. ಕಾಲು ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್! ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ಕ್ಲೀನ್ ಮಾಡಿಸಿದೆ. ಫಿಲ್ಟರ್ ಹೊಸದು. ಮೆಕ್ಯಾನಿಕ್ ಈಗ ಫೋನೇ ಎತ್ತುತ್ತಿಲ್ಲ.

ಸ್ಪ್ಯಾನರ್ ಭಟ್ಟ: ವೇಪರ್ ಲಾಕ್. ಕಣ್ಣು ಮುಚ್ಚಿ ಹೇಳುತ್ತೇನೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಎಂಜಿನ್ನಿಗೇ ಅಂಟಿಕೊಂಡಿದೆ. ಎಂಜಿನ್ ಕಾದರೆ ಅದೂ ಕಾಯುತ್ತದೆ, ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಆವಿಯನ್ನು ತಳ್ಳಲು ಪಂಪಿನೊಳಗಿನ ಪೊರೆ, ಅಂದರೆ ಡಯಾಫ್ರಮ್, ಅದರ ಕೈಲಿ ಆಗುವುದಿಲ್ಲ. ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್, ಬಂದ ಮೇಲಂತೂ ಇದು ಜಾಸ್ತಿ. ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿ.

ಡೆಲೈಟ್ ಮೈಸೂರು: ಇ20 ಅಂದರೆ ಮೊದಲು ಪೆಟ್ರೋಲ್ ಹೋಸ್ ನೋಡಬೇಕು ಭಟ್ರೇ. ಹಳೇ ರಬ್ಬರ್ ಎಥನಾಲ್‌ಗೆ ಉಬ್ಬಿ ಮೆತ್ತಗಾಗುತ್ತದೆ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಪಂಪ್ ಎಳೆದಾಗ ಒಳಗೆ ಚಪ್ಪಟೆ. ಟ್ಯಾಂಕಿನ ಹಳೇ ತುಕ್ಕನ್ನೂ ಎಥನಾಲ್ ಎಬ್ಬಿಸಿ ತರುತ್ತದೆ. ನನ್ನ ಫಿಯಟ್ 1100 ಡಿಗೆ ಪೂರ್ತಿ ಎಥನಾಲ್ ತಡೆಯುವ ವೈಟಾನ್ ರಬ್ಬರ್ ಹೋಸ್ ಹಾಕಿಸಿದ್ದೇನೆ. ಬಂಪರ್ ಕ್ರೋಮ್ ಕೂಡ ಹೊಸದು, ಫೋಟೋ ಆಮೇಲೆ ಹಾಕುತ್ತೇನೆ.

ಹಾಸನದ ಪದ್ಮಿನಿ: ಹೋಸ್ ಬದಲಾಯಿಸಿದೆ. ಡಯಾಫ್ರಮ್ ಕಿಟ್ ಕೂಡ ಹಾಕಿಸಿದೆ. ಅದೇ ಕಥೆ. ಆದರೆ ಒದ್ದೆ ಬಟ್ಟೆ ಕೆಲಸ ಮಾಡಿತು. ಬಟ್ಟೆ ಹಾಕಿ ಟೀ ಕುಡಿದು ಬಂದೆ, ಸ್ಟಾರ್ಟ್ ಆಯಿತು.

ಸ್ಪ್ಯಾನರ್ ಭಟ್ಟ: ನಾನು ಹೇಳಲಿಲ್ವಾ!

ಆಂಬಿ ಅಣ್ಣ: ಸುಮ್ನೆ ಎಲೆಕ್ಟ್ರಿಕ್ ಪಂಪ್ ಹಾಕಿ ಮರೆತುಬಿಡಿ. ನನ್ನ ಅಂಬಾಸಿಡರ್‌ಗೆ ಇಸುಜು ಎಂಜಿನ್, 1800 ಸಿಸಿ. ಮಡಿಕೇರಿ ಘಾಟಿಯನ್ನು ಎಸಿ ಹಾಕಿಕೊಂಡೇ ಹತ್ತುತ್ತದೆ.

ಸ್ಪ್ಯಾನರ್ ಭಟ್ಟ: ಇಲ್ಲಿ ನಿಮ್ಮ ಎಸಿ ಯಾರು ಕೇಳಿದರು? ಎಲೆಕ್ಟ್ರಿಕ್ ಪಂಪಿನ ಒತ್ತಡ ಜಾಸ್ತಿಯಾದರೆ ಕಾರ್ಬಿಗೆ ಪೆಟ್ರೋಲ್ ಬರುವುದನ್ನು ನಿಲ್ಲಿಸುವ ಫ್ಲೋಟ್ ನೀಡಲ್ ತಡೆಯುವುದಿಲ್ಲ, ಕಾರ್ಬ್ ಉಕ್ಕಿ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತದೆ.

ಆಂಬಿ ಅಣ್ಣ: ಒತ್ತಡ ತಗ್ಗಿಸಲು ರೆಗ್ಯುಲೇಟರ್ ಅಂತ ಒಂದು ಸಾಮಾನು ಸಿಗುತ್ತದೆ, ಕೇಳಿದ್ದೀರಾ?

ಘಟ್ಟದ ಕೆಳಗಿನವ: ಜಗಳ ಆಮೇಲೆ ಮಾಡಿ ಮಾರಾಯ್ರೇ. ಹಾಸನದವರೇ, ಗಾಡಿ ನಿಂತಾಗ ಕಾರ್ಬಿಗೆ ಪೆಟ್ರೋಲ್ ಬರುತ್ತಿರುತ್ತದಾ? ಬರುತ್ತಿದ್ದರೆ ಕಿಡಿ ಹೊತ್ತಿಸುವ ಕಂಡೆನ್ಸರ್, ಕಾಯಿಲ್ ನೋಡಬೇಕು. ರಾತ್ರಿ ಚಳಿಯಲ್ಲೂ ನಿಲ್ಲುತ್ತದಾ?

ಹಾಸನದ ಪದ್ಮಿನಿ: ಪೈಪ್ ಬಿಚ್ಚಿ ನೋಡಿದ್ದೆ, ಒಂದು ಹನಿ ಬರಲಿಲ್ಲ. ಡಿಸೆಂಬರ್ ರಾತ್ರಿಯೂ ನಿಂತಿದೆ. ಇನ್ನೊಂದು ವಿಚಿತ್ರ. ಫುಲ್ ಟ್ಯಾಂಕ್ ಮಾಡಿಸಿದ ದಿನ ಶಾಂತಿಗ್ರಾಮ ದಾಟುವಷ್ಟರಲ್ಲೇ ನಿಲ್ಲುತ್ತದೆ. ಅರ್ಧ ಇದ್ದರೆ ಚನ್ನರಾಯಪಟ್ಟಣದ ತನಕ ಬರುತ್ತದೆ.

ಘಟ್ಟದ ಕೆಳಗಿನವ: ಇದನ್ನು ಮೊದಲೇ ಹೇಳಬಾರದಿತ್ತಾ! ಟ್ಯಾಂಕ್ ಮುಚ್ಚಳ ಯಾವುದು?

ಹಾಸನದ ಪದ್ಮಿನಿ: ಬೀಗದ್ದು. ಯಾರೋ ಪೆಟ್ರೋಲ್ ಕದಿಯುತ್ತಿದ್ದರು ಅಂತ ದೀಪಾವಳಿ ಹೊತ್ತಿಗೆ ಹಾಕಿಸಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಘಟ್ಟದ ಕೆಳಗಿನವ: ಪೆಟ್ರೋಲ್ ಖಾಲಿಯಾದಷ್ಟೂ ಗಾಳಿ ಒಳಗೆ ಬರಬೇಕು. ದಾರಿ ಇಲ್ಲದಿದ್ದರೆ ಟ್ಯಾಂಕೇ ಪೆಟ್ರೋಲನ್ನು ವಾಪಸ್ ಹಿಡಿದೆಳೆಯುತ್ತದೆ, ಪಂಪ್ ಸೋಲುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ, ಅದಕ್ಕೇ ಬೇಗ ಕಟ್ಟಿಕೊಳ್ಳುತ್ತದೆ. ನೀವು ಟೀ ಕುಡಿದು ಬರುವಷ್ಟರಲ್ಲಿ ಗಾಳಿ ಹೇಗೋ ನುಸುಳಿರುತ್ತದೆ. ಬಟ್ಟೆಗೆ ಸುಮ್ನೆ ಹೆಸರು ಬಂತು. ಮುಂದಿನ ಸಲ ನಿಂತಾಗ ಮುಚ್ಚಳ ತೆಗೆಯಿರಿ, ಬುಸ್ ಅಂತ ಸದ್ದು ಬರುತ್ತದೆ.

ಸ್ಪ್ಯಾನರ್ ಭಟ್ಟ: ಬಟ್ಟೆಯಿಂದ ಸ್ಟಾರ್ಟ್ ಆಗಿದ್ದು ಸುಳ್ಳಾ ಹಾಗಾದರೆ?

ಹಾಸನದ ಪದ್ಮಿನಿ: ಬುಸ್ ಅಂತು! ಬಾವಿಗೆ ಕೊಡ ಬಿದ್ದ ಹಾಗೆ ಟ್ಯಾಂಕಿನ ತಗಡೂ ಸದ್ದು ಮಾಡಿತು. ತಕ್ಷಣ ಸ್ಟಾರ್ಟ್. ಹಳೇ ಮುಚ್ಚಳ ಶೆಡ್‌ನಲ್ಲೇ ಇತ್ತು, ಅದರಲ್ಲಿ ಸೂಜಿ ತೂರುವಷ್ಟು ತೂತು ಇದೆ. ಅದನ್ನೇ ಹಾಕಿ ಫುಲ್ ಟ್ಯಾಂಕಿನಲ್ಲಿ ಬೆಂಗಳೂರಿಗೆ ಹೋಗಿ ಬಂದೆ, ಎಲ್ಲೂ ನಿಲ್ಲಲಿಲ್ಲ. ಬೀಗದ್ದಕ್ಕೂ ಒಂದು ತೂತು ಕೊರೆಯಲಾ?

ಘಟ್ಟದ ಕೆಳಗಿನವ: ಟ್ಯಾಂಕಿನ ಮೇಲಿಟ್ಟು ಮಾತ್ರ ಡ್ರಿಲ್ ಮಾಡಬೇಡಿ. ಬೆಂಕಿ ಹತ್ತುತ್ತದೆ.

ಸ್ಪ್ಯಾನರ್ ಭಟ್ಟ: ಏಪ್ರಿಲ್ ಬರಲಿ, ವೇಪರ್ ಲಾಕ್ ಅಂದರೆ ಏನು ಅಂತ ಗೊತ್ತಾಗುತ್ತದೆ.

ಡೆಲೈಟ್ ಮೈಸೂರು: ಕ್ರೋಮ್ ಫೋಟೋ ಹಾಕಿದ್ದೇನೆ, ಯಾರೂ ನೋಡಲೇ ಇಲ್ಲ.

ಆಂಬಿ ಅಣ್ಣ: ಹಾಸನದವರೇ, ಆ ಬೀಗದ ಮುಚ್ಚಳ ಮಾರುತ್ತೀರಾ? ನಮ್ಮ ಬೀದಿಯಲ್ಲೂ ಕಳ್ಳರ ಕಾಟ.