ಜನವರಿಯಲ್ಲಿ ಕಾರವಾರದ ದ್ವೀಪಗಳಿಗೆ ಹಕ್ಕಿ ನೋಡಲು ಹೋಗುವವರಿಗೆ: ಹೋಗಿಬಂದವರ ಅನುಭವ

ಕೇಳಿದವರು, ಶಿರಸಿ ಕಡೆಯವರು:
ಕೊನೆಕೊಯ್ಲಿನ ಗಡಿಬಿಡಿ ಮುಗಿಸಿ ಜನವರಿ ಕೊನೆಗೆ ಮೂರ್ನಾಲ್ಕು ದಿನ ಬಿಡುವು ಮಾಡಿಕೊಳ್ಳಬೇಕೆಂದಿದ್ದೇನೆ. ಜೊತೆಗೆ ಅಪ್ಪಯ್ಯ, ಎಪ್ಪತ್ತು ದಾಟಿದವರು, ಮತ್ತು ಎಂಟನೇ ಕ್ಲಾಸಿನ ಮಗಳು. ತೋಟದ ಸುತ್ತಿನ ಮಂಗಟ್ಟೆ, ಕುಟ್ರುಹಕ್ಕಿ, ಸೂರಕ್ಕಿಗಳೆಲ್ಲ ಅವಳಿಗೆ ಪರಿಚಿತ. ಈಗ ಸಮುದ್ರದ ಹಕ್ಕಿ ನೋಡಬೇಕಂತೆ, ಅದೂ ದ್ವೀಪದಲ್ಲೇ. ಅಪ್ಪಯ್ಯನಿಗೆ ಬೇಕಾದದ್ದು ಥಂಡಿಯಿಲ್ಲದ ಒಣ ಜಾಗ, ಮೈಗೆ ಒಳ್ಳೆಯ ಬಿಸಿಲು. ಕೂರ್ಮಗಡಕ್ಕೆ ಹೋಗುವುದೋ, ನೇತ್ರಾಣಿಗೋ? ವಯಸ್ಸಾದವರಿಗೆ ಆದೀತೇ?

ಕಾರವಾರ, ಕೋಡಿಬಾಗದಿಂದ:
ಜನವರಿ ಒಳ್ಳೆಯ ಆಯ್ಕೆ. ಆಕಾಶ ಸ್ವಚ್ಛ, ಸಮುದ್ರ ಶಾಂತ, ಗುಡ್ಡದ ಹುಲ್ಲೆಲ್ಲ ಒಣಗಿ ಹೊಂಬಣ್ಣ. ಆದರೆ ಯಾವ ದ್ವೀಪಕ್ಕೆ ಹೋಗಬಹುದು, ಯಾವುದಕ್ಕಿಲ್ಲ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಅಂಜುದೀವ್ ನೌಕಾಪಡೆಯ ವಶದಲ್ಲಿದೆ, ನಮಗೆ ಅಲ್ಲಿ ಪ್ರವೇಶವಿಲ್ಲ. ಅರ್ಗಾ ಕಡೆಯ ನೌಕಾನೆಲೆಯತ್ತ ಕ್ಯಾಮೆರಾ ತಿರುಗಿಸಲೇಬೇಡಿ, ಡ್ರೋನ್ ಅಂತೂ ಮನೆಯಲ್ಲೇ ಇರಲಿ. ದೇವಗಡವೆಂದರೆ ದೀಪಸ್ತಂಭವಿರುವ ಬಂಡೆಗುಡ್ಡ, ಅದನ್ನು ದೋಣಿಯಿಂದಲೇ ನೋಡುವುದು ಸರಿ. ಉಳಿದದ್ದು ಕೂರ್ಮಗಡ. ಅಲ್ಲಿ ನರಸಿಂಹ ದೇವರಿದ್ದಾನೆ, ಪುಷ್ಯ ಹುಣ್ಣಿಮೆಗೆ ಜಾತ್ರೆ. ಅಂದು ಮೀನುಗಾರರ ಬೋಟುಗಳೆಲ್ಲ ಜನರನ್ನು ತುಂಬಿಕೊಂಡು ಅತ್ತಲೇ ಹೊರಡುತ್ತವೆ. ಜಾತ್ರೆಯ ದಿನವನ್ನು ದೇವರಿಗೆ ಬಿಡಿ, ಹಕ್ಕಿಗೆಂದು ಬೇರೆ ದಿನ ಬನ್ನಿ.

ಇನ್ನು ಮುಖ್ಯ ಮಾತು. ದ್ವೀಪ ಹತ್ತುವುದಕ್ಕಿಂತ ದ್ವೀಪ ಸುತ್ತುವುದರಲ್ಲಿ ಹಕ್ಕಿ ಹೆಚ್ಚು. ಬುಡದ ಬಂಡೆಗಳ ಮೇಲೆ ಬೂದು ಬಣ್ಣದ ರೀಫ್ ಬೆಳ್ಳಕ್ಕಿ ಅಲೆಯೇಟಿಗೂ ಅಲುಗದೆ ನಿಂತಿರುತ್ತದೆ. ಗರುಡಗಳು ತಲೆಯ ಮೇಲೆಯೇ. ಅದೃಷ್ಟವಿದ್ದರೆ ಬಿಳಿ ಹೊಟ್ಟೆಯ ಕಡಲ ಹದ್ದು ಕಾಣುತ್ತದೆ. ಮೀನಷ್ಟೇ ಅಲ್ಲ, ಕಡಲ ಹಾವನ್ನೂ ಕಾಲಲ್ಲಿ ಎತ್ತಿಕೊಂಡು ಹೋಗುವ ಹಕ್ಕಿ ಅದು. ಚಳಿಗಾಲವೇ ಅದರ ಗೂಡಿನ ಕಾಲ, ಎತ್ತರದ ಮರದಲ್ಲಿ ಕಡ್ಡಿಗಳ ದೊಡ್ಡ ಅಟ್ಟಣೆ ಕಂಡರೆ ದೋಣಿಯನ್ನು ಹತ್ತಿರ ಒಯ್ಯಲು ಹೇಳಬೇಡಿ. ಒಳ್ಳೆಯ ಫೋಟೋ ಸಿಗಲಿಲ್ಲವೆಂದರೆ ನಷ್ಟವೇನಿಲ್ಲ, ಹೆದರಿದ ಹದ್ದು ಗೂಡು ಬಿಟ್ಟು ಹೋದರೆ ಆ ವರ್ಷದ ಮರಿ ಹೋಯಿತು. ದಾರಿಯಲ್ಲಿ ಡಾಲ್ಫಿನ್‌ಗಳೂ ಬೆನ್ನು ತೋರಿಸುವುದುಂಟು, ಮಗಳಿಗೆ ಹೇಳಿಡಿ.

ಹೊರಡುವುದು ಬೆಳಿಗ್ಗೆಯೇ. ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಹಗುರ. ನಡುಹಗಲಿನ ಹೊತ್ತಿಗೆ ನೆಲ ಕಾದು ಗಾಳಿ ಕಡಲಿನಿಂದ ತಿರುಗುತ್ತದೆ, ಅಲೆ ಏಳುತ್ತದೆ. ಹನ್ನೊಂದರೊಳಗೆ ದಡ ಸೇರುವ ಹಾಗೆ ಲೆಕ್ಕ ಹಾಕಿ.

ಕುಮಟಾದಿಂದ:
ಕೋಡಿಬಾಗದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗಡಿಯಾರಕ್ಕಿಂತ ಉಬ್ಬರ ಇಳಿತದ ಪಟ್ಟಿ ನೋಡಿ ದಿನ ಗೊತ್ತು ಮಾಡಿ. ಹೊಸಬರು ಇದನ್ನು ಬಿಟ್ಟೇಬಿಡುತ್ತಾರೆ, ಆಮೇಲೆ ಕರಾವಳಿಯಲ್ಲಿ ಹಕ್ಕಿಯೇ ಇಲ್ಲ ಎನ್ನುತ್ತಾರೆ, ನನಗೆ ಬೇಸರವಾಗುತ್ತದೆ.

ನೀರು ಇಳಿದಾಗ ಉಲ್ಲಂಕಿ, ಪ್ಲವರ್, ಕರ್ಲ್ಯೂ ಎಂಬ ದಡದ ಹಕ್ಕಿಗಳೆಲ್ಲ ಕೆಸರಿನಲ್ಲಿ ಹುಳು ಹೆಕ್ಕುತ್ತ ದೂರ ದೂರ ಚದುರಿರುತ್ತವೆ, ಬೈನಾಕ್ಯುಲರ್‌ನಲ್ಲಿ ಬರೀ ಚುಕ್ಕಿ. ನೀರು ಏರತೊಡಗಿತೋ, ಕೆಸರು ಮುಳುಗುತ್ತ ಬಂದ ಹಾಗೆ ಎಲ್ಲವೂ ನಿಮ್ಮ ಕಡೆಗೇ ಸರಿಯುತ್ತವೆ. ಕೊನೆಗೆ ಉಳಿದ ಒಂದು ತುಂಡು ಮರಳ ದಿಬ್ಬದ ಮೇಲೆ ಹತ್ತಾರು ಜಾತಿ ಒಟ್ಟಾಗಿ ಗಾಳಿಗೆ ಮುಖ ಮಾಡಿ ನಿಲ್ಲುತ್ತವೆ. ಪೂರ್ಣ ಉಬ್ಬರಕ್ಕೆ ಎರಡು ಗಂಟೆ ಮುಂಚೆ ಹೋಗಿ ಒಂದು ಕಡೆ ಕೂತುಬಿಡಿ, ನಡೆಯಬೇಕಾಗಿಯೇ ಇಲ್ಲ. ನಿಮ್ಮ ತಂದೆಯವರಿಗೆ ಇದಕ್ಕಿಂತ ಅನುಕೂಲದ ಹಕ್ಕಿ ವೀಕ್ಷಣೆ ಬೇರೆ ಇಲ್ಲ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಬೆಳಿಗ್ಗೆ ಒಂಬತ್ತರ ಆಸುಪಾಸು ನೀರು ತುಂಬುವ ದಿನಗಳನ್ನು ಆರಿಸಿಕೊಂಡರೆ ಬೆಳಕೂ ಕೂಡಿಬರುತ್ತದೆ, ಏಕೆಂದರೆ ನಮ್ಮ ಕಡಲು ಪಡುವಣಕ್ಕಿದೆ. ಬೆಳಿಗ್ಗೆ ಸೂರ್ಯ ನಮ್ಮ ಬೆನ್ನಿಗೆ, ಗರಿಯ ಬಣ್ಣ ನಿಚ್ಚಳ. ಸಂಜೆ ಎಲ್ಲ ಹಕ್ಕಿಯೂ ಕಪ್ಪು ನೆರಳು.

ಕಾಳಿ ನದಿ ಕಡಲು ಸೇರುವಲ್ಲಿ, ದೇವಬಾಗ ಕಡೆಯ ಮರಳಿನ ಮೇಲೆ ಇದೆಲ್ಲ ಸಿಗುತ್ತದೆ. ಅಲ್ಲಿ ಗುಂಪಾಗಿ ಕೂರುವ ಕಂದುತಲೆಯ ಗಲ್ ಎಂಬ ಕಡಲ ಹಕ್ಕಿಗಳು ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ಬಂದವು. ಜನವರಿಯಲ್ಲಿ ತಲೆ ಬಿಳಿ, ಕಿವಿಯ ಬಳಿ ಒಂದು ಕಪ್ಪು ಮಚ್ಚೆ ಅಷ್ಟೇ. ಹೆಸರು ನೋಡಿ ಕಂದು ತಲೆ ಹುಡುಕಬೇಡಿ, ಆ ಬಣ್ಣ ಬೇಸಿಗೆ ಹತ್ತಿರವಾದಾಗ ಬರುವುದು. ಅಲೆ ಹಿಂದೆ ಸರಿದಾಗ ಅದರ ಬೆನ್ನಟ್ಟಿ ಓಡಿ, ಅಲೆ ಬಂದಾಗ ವಾಪಸ್ ಓಡಿಬರುವ ಬೆಳ್ಳನೆಯ ಪುಟ್ಟ ಹಕ್ಕಿ ಸ್ಯಾಂಡರ್ಲಿಂಗ್. ಅದರ ತವರು ಉತ್ತರ ಧ್ರುವದ ಅಂಚು. ಇಷ್ಟು ದೂರ ಹಾರಿಬಂದದ್ದನ್ನು ಯಾರೋ ನಾಯಿ ಬಿಟ್ಟು, ಬೈಕ್ ಓಡಿಸಿ ಮತ್ತೆ ಮತ್ತೆ ಎಬ್ಬಿಸಿದರೆ ಅದು ತಿಂದದ್ದೆಲ್ಲ ಹಾರುವುದರಲ್ಲೇ ಖರ್ಚಾಗುತ್ತದೆ. ದಯವಿಟ್ಟು ಮಗಳಿಗೂ ಇದನ್ನು ತಿಳಿಸಿ.

ದೇವಿಮನೆ ಘಟ್ಟ ಇಳಿದೇ ಬರುವುದಾದರೆ ಒಂದು ದಿನ ಅಘನಾಶಿನಿ ಅಳಿವೆಗೆ ಕೊಡಿ. 2024ರಲ್ಲಿ ಇದು ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿ ಸೇರಿದೆ. ದ್ವೀಪವೇ ಬೇಕೆಂದರೆ ಐಗಳಕುರ್ವೆ ಇಲ್ಲೇ ಇದೆ, ಸುತ್ತ ನೀರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳ ಒಡ್ಡಿನ ಮೇಲೆ ನಿಂತರೆ ಕರಿತಲೆ ಮಿಂಚುಳ್ಳಿ ಸಿಗುವ ಸಂಭವ ಹೆಚ್ಚು. ಇಳಿತದಲ್ಲಿ ಬಳಚು (ಚಿಪ್ಪುಮೀನು) ಹೆಕ್ಕಲು ಇಳಿಯುವ ಹೆಂಗಸರ ದುಡಿಮೆಯ ಜಾಗವೂ ಅದೇ ಕೆಸರು. ಅವರ ಫೋಟೋ ತೆಗೆಯುವ ಮುಂಚೆ ಕೇಳಿ. ಯಾವ ಹಕ್ಕಿ ಎಲ್ಲಿ ಕೂರುತ್ತದೆಂದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ.

ಮುರ್ಡೇಶ್ವರದಿಂದ:
ನೇತ್ರಾಣಿ ಈ ಸಲ ಬೇಡ ಎನ್ನುವುದು ನನ್ನ ಅಭಿಪ್ರಾಯ. ನಮ್ಮಲ್ಲಿಂದ ಸುಮಾರು 19 ಕಿ.ಮೀ. ತೆರೆದ ಕಡಲು. ಬೋಟುಗಳು ಹೋಗುವುದು ಡೈವಿಂಗ್‌ನವರಿಗಾಗಿ, ದ್ವೀಪ ಹತ್ತಿಸುವುದಿಲ್ಲ. ಡೈವ್ ಮುಗಿಯುವವರೆಗೆ ನಿಂತ ಬೋಟು ಒಂದೇ ಸಮ ಹೊಯ್ದಾಡುತ್ತದೆ, ವಾಂತಿ ಮಾಡದವರು ಕಡಿಮೆ. ಎಪ್ಪತ್ತು ದಾಟಿದವರಿಗೆ ಖಂಡಿತ ಕಷ್ಟ.

ಆದರೆ ಮಗಳು ದೊಡ್ಡವಳಾದ ಮೇಲೆ ಕರೆದುಕೊಂಡು ಬನ್ನಿ. ಅಲ್ಲಿನ ಕಡಿದಾದ ಬಂಡೆ, ಗವಿಗಳಲ್ಲಿ ಸ್ವಿಫ್ಟ್‌ಲೆಟ್‌ಗಳಿವೆ. ಜೊಲ್ಲಿನಿಂದಲೇ ಗೂಡು ಅಂಟಿಸುವ ಪುಟ್ಟ ಹಕ್ಕಿ. ಇವುಗಳ ಗೂಡನ್ನು ಸೂಪಿಗಾಗಿ ಕದ್ದು ಮಾರುವ ದಂಧೆ ಪಶ್ಚಿಮ ಕರಾವಳಿಯ ದ್ವೀಪಗಳನ್ನು ಕಾಡಿದ್ದುಂಟು. ಅದೇ ದ್ವೀಪದಲ್ಲಿ ಕಡಲ ಹದ್ದುಗಳೂ ಗೂಡು ಕಟ್ಟುತ್ತವೆ. ಹಳೆಯ ನಕ್ಷೆಗಳಲ್ಲಿ ಇದು ಪಿಜನ್ ಐಲ್ಯಾಂಡ್, ಪಾರಿವಾಳದ ದ್ವೀಪ. ನೌಕಾಪಡೆ ಇದನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದರ ಬಗ್ಗೆ ಇಲ್ಲಿನವರಿಗೆ ಇಂದಿಗೂ ನೋವಿದೆ, ನನಗೂ ಇದೆ.

ಹೊನ್ನಾವರದಿಂದ:
ವಾಪಸ್ ಹೋಗುವಾಗ ಸಮಯ ಉಳಿದರೆ ಶರಾವತಿಯ ಕಾಂಡ್ಲಾ ವನದ ಮರದ ಕಾಲುದಾರಿ ನೋಡಿ. ಸಮತಟ್ಟಾಗಿದೆ, ಹಿರಿಯರಿಗೆ ಒಳ್ಳೆಯದು. ಶನಿವಾರ ಭಾನುವಾರ ಜನ ಜಾಸ್ತಿ.

ಶಿರಸಿ, ಸೋಂದಾ ಹತ್ತಿರದಿಂದ:
ನಮ್ಮೂರಿನವರೇ ಕೇಳಿದ್ದು ಖುಷಿಯಾಯಿತು. ಸಾಮಾನಿನ ಬಗ್ಗೆ ಎರಡು ಮಾತು. ಬೈನಾಕ್ಯುಲರ್ ಕೊಳ್ಳುವುದಿದ್ದರೆ 8x42 (ಎಂಟು ಪಟ್ಟು ಹಿಗ್ಗಿಸುವುದು, ಮುಂದಿನ ಗಾಜು 42 ಮಿ.ಮೀ.) ತಗೊಳ್ಳಿ, 10x ಬೇಡ. ದೋಣಿ ಅಲುಗುವಾಗ ಹೆಚ್ಚು ಹಿಗ್ಗಿಸುವ ಬೈನಾಕ್ಯುಲರ್‌ನಲ್ಲಿ ಹಕ್ಕಿ ನಿಲ್ಲುವುದೇ ಇಲ್ಲ. ಉಪ್ಪುಗಾಳಿ ತಾಗಿದ ಗಾಜನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಊದಿ, ಆಮೇಲೆ ಒದ್ದೆ ಮೆದುಬಟ್ಟೆ.

ಮಗಳು ಕಂಡದ್ದನ್ನೆಲ್ಲ ದಿನಾಂಕ, ಜಾಗದ ಸಮೇತ ಬರೆದಿಡಲಿ, ಹಕ್ಕಿ ಪಟ್ಟಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಸೇರಿಸಲಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಲ್ಲಿ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್‌ಸನ್ ಜಿಲ್ಲೆಯ ಹಕ್ಕಿಗಳ ಬಗ್ಗೆ ಬರೆದಿಟ್ಟದ್ದರಿಂದಲೇ ಆಗ ಏನಿತ್ತು ಎಂದು ಈಗ ಹೋಲಿಸಿ ನೋಡಲು ಆಗುತ್ತಿದೆ. ಎಂಟನೇ ಕ್ಲಾಸಿನ ಹುಡುಗಿಯ ಪಟ್ಟಿಯೂ ಮುಂದೆ ಅದೇ ಕೆಲಸಕ್ಕೆ ಬರುತ್ತದೆ.

ಕೋಡಿಬಾಗದಿಂದ, ಮತ್ತೊಮ್ಮೆ:
ತಂದೆಯವರ ಬಗ್ಗೆ ಕೇಳಿದ್ದಿರಿ. ದೂರದ ತೆರೆದ ಕಡಲಿಗೆ ಹೋಗದೆ ಕಾಳಿ ಅಳಿವೆ ದಾಟಿ ಕೂರ್ಮಗಡ ಸುತ್ತಿ ಬರುವಷ್ಟು ಅವರಿಂದ ಆದೀತು, ಮೊಣಕಾಲು ಗಟ್ಟಿಯಿದ್ದರೆ. ಕಷ್ಟವಿರುವುದು ದೋಣಿ ಹತ್ತಿ ಇಳಿಯುವಲ್ಲಿ. ಮರಳಲ್ಲಿ ಮೊಣಕಾಲುದ್ದ ನೀರಿಗಿಳಿದು ಹತ್ತುವ ಕಡೆ ಬೇಡ, ಜೆಟ್ಟಿಯಿಂದಲೇ ಹತ್ತಿಸಿ ಎಂದು ಕರಾರು ಮಾಡಿ. ಲೈಫ್ ಜಾಕೆಟ್ ಎಲ್ಲರಿಗೂ ಇದೆಯೇ ನೋಡಿ, ಇಲ್ಲದಿದ್ದರೆ ಆ ದೋಣಿಯನ್ನೇ ಬಿಡಿ. ನೀರು, ಟೊಪ್ಪಿ, ಉದ್ದ ತೋಳಿನ ಅಂಗಿ ಬೇಕೇ ಬೇಕು. ಬಿಸಿಲು ಮೇಲಿನಿಂದಷ್ಟೇ ಅಲ್ಲ, ನೀರಿನಿಂದಲೂ ಹೊಡೆಯುತ್ತದೆ. ದೋಣಿಯವರೊಂದಿಗೆ ಹಿಂದಿನ ಸಂಜೆಯೇ ಮಾತಾಡಿ, ಹಕ್ಕಿ ನೋಡಲು ಬಂದವರು, ನಿಧಾನ ಹೋಗಬೇಕು, ಬಂಡೆಯಿಂದ ದೂರದಲ್ಲೇ ಇಂಜಿನ್ ಆರಿಸಬೇಕು ಎಂದು ಹೇಳಿ. ಬಾಡಿಗೆಯೂ ಆಗಲೇ ತೀರ್ಮಾನವಾಗಲಿ. ಬೆಳಿಗ್ಗೆ ಗಾಳಿ ಜೋರಾಗಿದೆ, ಇವತ್ತು ಬೇಡ ಎಂದು ಅವರೇ ಹೇಳಿದರೆ ಒತ್ತಾಯ ಮಾಡಬೇಡಿ, ಆ ದಿನ ದೇವಬಾಗದ ಮರಳಿಗೆ ಹೋಗಿ.